ರೇಟಿಂಗ್ ಕಣ್ಣಿಗೆ ಬೀಳದ ಬಗ್‌ಗಳು: ಚೆಸ್ ಎಂಜಿನ್ ಬರೆದ ನನ್ನ ಅನುಭವ

ಚೆಸ್ ಎಂಜಿನ್ (ತಾನೇ ಚೆಸ್ ಆಡುವ ಪ್ರೋಗ್ರಾಂ) ಬರೆಯುವವರೆಲ್ಲ ಒಂದಲ್ಲ ಒಂದು ದಿನ ಎದುರಿಸುವ ಪೊಸಿಷನ್ (ಬೋರ್ಡ್ ಮೇಲಿನ ಕಾಯಿಗಳ ಜೋಡಣೆ) ಒಂದಿದೆ. ಬಿಳಿ ಆನೆ ಬಿ4ರಲ್ಲಿ, ಕಪ್ಪು ಕಾಲಾಳು ಎಫ್4ರಲ್ಲಿ, ಕಪ್ಪು ರಾಜ ಎಚ್4ರಲ್ಲಿ. ಬಿಳಿ ತನ್ನ ಇ2 ಕಾಲಾಳನ್ನು ಒಂದೇ ಸಲಕ್ಕೆ ಇ4ಕ್ಕೆ ನಡೆಸಿದರೆ ಕಪ್ಪಿಗೆ ಎನ್ ಪಾಸಾನ್ ಹೊಡೆತ (ಎರಡು ಮನೆ ಹಾರಿ ಪಕ್ಕಕ್ಕೆ ಬಂದ ಕಾಲಾಳನ್ನು, ಅದು ಒಂದೇ ಮನೆ ನಡೆದಿತ್ತು ಎಂಬಂತೆ ಹೊಡೆಯುವುದು) ಇದೆ ಅನ್ನಿಸುತ್ತದೆ. ಹೊಡೆದರೆ ನಾಲ್ಕನೇ ಸಾಲಿನಿಂದ ಎರಡು ಕಾಲಾಳುಗಳೂ ಒಟ್ಟಿಗೆ ಎದ್ದು ಹೋಗುತ್ತವೆ, ಬಿ4ರ ಆನೆ ನೇರವಾಗಿ ರಾಜನಿಗೆ ಚೆಕ್ ಕೊಡುತ್ತದೆ. ಹಾಗಾಗಿ ಆ ನಡೆ ನಿಯಮದ ಪ್ರಕಾರ ಇಲ್ಲವೇ ಇಲ್ಲ. ಬಿಳಿ ಜಿ4 ಆಡಿದಾಗಲೂ ಇದೇ ಕಥೆ. ಈ ಪೊಸಿಷನ್‌ನಿಂದ ಎರಡು ನಡೆ ಆಳಕ್ಕೆ ಸಿಗಬೇಕಾದ ಒಟ್ಟು ದಾರಿಗಳು 191. ನನ್ನ ಎಂಜಿನ್ 193 ತೋರಿಸಿತು.

ನಡೆಗಳನ್ನು ಹೀಗೆ ಎಣಿಸುವ ಪರೀಕ್ಷೆಗೆ ಪರ್ಫ್ಟ್ ಅನ್ನುತ್ತಾರೆ. ಆಟದ ಆರಂಭದಿಂದ ಲೆಕ್ಕ ಹಾಕಿದರೆ 20, 400, 8,902, 1,97,281, 48,65,609 ಎಂದು ಬೆಳೆಯುತ್ತದೆ. ಒಂದೇ ಒಂದು ಅಂಕಿ ತಪ್ಪಿದರೂ ನಡೆ ಹುಟ್ಟಿಸುವ ಕೋಡ್‌ನಲ್ಲಿ ದೋಷ ಇದೆ ಎಂದೇ ಅರ್ಥ. ನಾನು ಪಿನ್ ಆದ, ಅಂದರೆ ಕದಲಿದರೆ ತಮ್ಮ ರಾಜನಿಗೇ ಚೆಕ್ ಬೀಳುವಂಥ, ಕಾಯಿಗಳನ್ನು ಮೊದಲೇ ಗುರುತಿಸಿ ಅವುಗಳ ನಡೆ ತಡೆಯುತ್ತಿದ್ದೆ. ಆದರೆ ಇಲ್ಲಿ ಆನೆ ಮತ್ತು ರಾಜನ ನಡುವೆ ಎರಡು ಕಾಯಿಗಳಿವೆ, ಆದ್ದರಿಂದ ಎಫ್4 ಕಾಲಾಳು ಪಿನ್ ಲೆಕ್ಕಕ್ಕೆ ಬರುವುದೇ ಇಲ್ಲ. ಎನ್ ಪಾಸಾನ್ ಒಂದಕ್ಕೆ ಮಾತ್ರ ನಡೆ ಆಡಿ ನೋಡಿ ರಾಜ ಸುರಕ್ಷಿತನೇ ಎಂದು ಪರೀಕ್ಷಿಸುವ ಸಾಲು ಸೇರಿಸಿದೆ, 191 ಬಂತು.

ಈ ದೋಷ ಇದ್ದಾಗಲೂ ಎಂಜಿನ್ ಪಂದ್ಯಗಳನ್ನು ಆಡುತ್ತಿತ್ತು, ರೇಟಿಂಗ್ ಏರುತ್ತಲೂ ಇತ್ತು. ನಿಯಮಬಾಹಿರ ನಡೆ ಆಡಿದರೆ ಆ ಆಟ ಅಲ್ಲಿಗೇ ಸೋತಂತೆ, ನಿಜ. ಆದರೆ ಇಂಥ ಪೊಸಿಷನ್ ಸಾವಿರಾರು ಆಟಗಳಲ್ಲಿ ಒಮ್ಮೆ ಬಂದರೆ ಹೆಚ್ಚು. ಅಷ್ಟು ಸಣ್ಣ ನಷ್ಟ ಅಳತೆಯ ಗದ್ದಲದಲ್ಲಿ, ಅಂದರೆ ಫಲಿತಾಂಶದ ಆಕಸ್ಮಿಕ ಏರಿಳಿತದಲ್ಲಿ, ಕಳೆದುಹೋಗುತ್ತದೆ.

ಆ ಗದ್ದಲ ಎಷ್ಟು ದೊಡ್ಡದು ಎಂಬುದನ್ನು ಹೊಸದಾಗಿ ಎಂಜಿನ್ ಬರೆಯುವವರು ಮೊದಲು ಅರಿತುಕೊಳ್ಳಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ರೇಟಿಂಗ್ ಲೆಕ್ಕ ಹಾಕುವ ಅರ್ಪಾಡ್ ಎಲೋ ಅವರ ಸೂತ್ರದಲ್ಲಿ ಸಮಬಲದ ಹತ್ತಿರ ಶೇ. 1ರಷ್ಟು ಅಂಕ ಹೆಚ್ಚು ಗಳಿಸಿದರೆ ಸುಮಾರು 7 ಎಲೋ (ರೇಟಿಂಗ್ ಅಂಕ). ಮೂರರಲ್ಲಿ ಒಂದು ಆಟ ಡ್ರಾ ಆಗುತ್ತದೆ ಎಂದಿಟ್ಟುಕೊಂಡರೆ, 100 ಆಟಗಳ ಫಲಿತಾಂಶದಲ್ಲಿ 50ಕ್ಕೂ ಹೆಚ್ಚು ಎಲೋ ಆಚೀಚೆ ಆಗಬಹುದು. 1,000 ಆಟ ಆಡಿಸಿದರೆ 17ರ ಸುಮಾರಿಗೆ, 10,000ಕ್ಕೆ 5ರ ಸುಮಾರಿಗೆ ಇಳಿಯುತ್ತದೆ. ರಾತ್ರಿ 200 ಆಟ ಓಡಿಸಿ ಬೆಳಿಗ್ಗೆ ‘ಇಪ್ಪತ್ತು ಎಲೋ ಸಿಕ್ಕಿತು’ ಎಂದು ಸಂಭ್ರಮಿಸುವವರನ್ನು ಕಂಡರೆ ನನಗೆ ನಿಜಕ್ಕೂ ಬೇಸರವಾಗುತ್ತದೆ, ಏಕೆಂದರೆ ಆ ಬದಲಾವಣೆಯಲ್ಲಿ ಬಗ್ ಇದ್ದರೆ ಅದು ಅಂದೇ ಎಂಜಿನ್‌ನೊಳಗೆ ಮನೆ ಮಾಡಿಕೊಂಡಿರುತ್ತದೆ.

ಸ್ವಂತ ಆವೃತ್ತಿಗಳ ನಡುವೆಯೇ ಪಂದ್ಯ ನಡೆಸುವಾಗ ಇನ್ನೊಂದು ತೊಡಕು. ಹಳೆಯದರಲ್ಲೂ ಹೊಸದರಲ್ಲೂ ಒಂದೇ ದೋಷ ಇದ್ದರೆ ಇಬ್ಬರೂ ಒಂದೇ ರೀತಿ ಎಡವುತ್ತಾರೆ, ಅಂಕಪಟ್ಟಿಗೆ ಅದು ಗೊತ್ತೇ ಆಗುವುದಿಲ್ಲ. ಮುನ್ನುಗ್ಗಿದ ಕಾಲಾಳಿಗೆ ಕೊಡುವ ಬೋನಸ್‌ನ ಕೋಷ್ಟಕವನ್ನು ನನ್ನ ಎಂಜಿನ್ ಕಪ್ಪಿಗೆ ತಿರುಗುಮುರುಗಾಗಿ ಓದುತ್ತಿತ್ತು. ಬಡ್ತಿಗೆ ಒಂದೇ ಹೆಜ್ಜೆ ಇರುವ ಕಪ್ಪು ಕಾಲಾಳಿಗೆ ಮನೆ ಬಿಟ್ಟು ಕದಲದ ಕಾಲಾಳಿನ ಬೆಲೆ! ಅದನ್ನು ತೋರಿಸಿಕೊಟ್ಟಿದ್ದು ಪಂದ್ಯಗಳಲ್ಲ. ಪೊಸಿಷನ್ ಒಂದನ್ನು ತೆಗೆದುಕೊಂಡು, ಬೋರ್ಡ್ ಅನ್ನು ಕನ್ನಡಿಯಲ್ಲಿಟ್ಟಂತೆ ತಲೆಕೆಳಗು ಮಾಡಿ, ಬಣ್ಣ ಅದಲುಬದಲಿಸಿ, ಎರಡರ ಮೌಲ್ಯವೂ ಒಂದೇ ಬರುತ್ತದೆಯೇ ಎಂದು ಹೋಲಿಸುವ ಸಣ್ಣ ಪ್ರೋಗ್ರಾಂ ತೋರಿಸಿತು. ಇಂದಿಗೂ ಕೋಡ್ ಸೇರಿಸುವ ಮುನ್ನ ಅದು ಓಡಲೇಬೇಕು.

ಮೇಟ್ ಅಂಕದ ಬಗ್ ಮಾತ್ರ ಆಟದಲ್ಲೇ ಕಣ್ಣಿಗೆ ಬಿತ್ತು. ‘ಐದು ನಡೆಗೆ ಮೇಟ್’ ಎಂದು ಎಂಜಿನ್ ಹೇಳುತ್ತದೆ, ಮುಂದಿನ ನಡೆಯಲ್ಲೂ ಅದನ್ನೇ ಹೇಳುತ್ತದೆ, ಅದರ ಮುಂದೆಯೂ ಅದೇ. ಕೊನೆಗೆ ಐವತ್ತು ನಡೆಗಳ ನಿಯಮದಲ್ಲಿ ಡ್ರಾ. ಕಾರಣ, ಈಗಾಗಲೇ ನೋಡಿದ ಪೊಸಿಷನ್‌ಗಳ ಫಲಿತಾಂಶ ಕೂಡಿಡುವ ಟ್ರಾನ್ಸ್‌ಪೊಸಿಷನ್ ಟೇಬಲ್‌ನಲ್ಲಿತ್ತು. ಹುಡುಕಾಟದಲ್ಲಿ ಮೇಟ್‌ನ ದೂರವನ್ನು ಬೇರಿನಿಂದ, ಅಂದರೆ ಹುಡುಕಾಟ ಶುರುವಾದ ಪೊಸಿಷನ್‌ನಿಂದ, ಅಳೆಯುತ್ತೇವೆ, ಆದರೆ ಟೇಬಲ್‌ಗೆ ಹಾಕುವಾಗ ಅದನ್ನು ಹಾಕುತ್ತಿರುವ ಪೊಸಿಷನ್‌ನಿಂದಲೇ ಅಳೆದ ದೂರವಾಗಿ ಬದಲಿಸಿಕೊಳ್ಳಬೇಕು, ಓದುವಾಗ ಮರಳಿಸಬೇಕು. ಇಲ್ಲದಿದ್ದರೆ ಒಂದೇ ಪೊಸಿಷನ್‌ಗೆ ಬೇರೆ ದಾರಿಯಲ್ಲಿ ಬಂದಾಗ ಹಳಸಿದ ದೂರ ಸಿಗುತ್ತದೆ.

ರೇಟಿಂಗ್‌ಗೆ ನೇರ ಪೆಟ್ಟು ಕೊಡುವುದು ಸಮಯದ ಬಗ್. ನೂರರಲ್ಲಿ ಎರಡು ಆಟ ಗಡಿಯಾರದಿಂದ ಸೋತರೆ, ಸಮಬಲದ ಎದುರಾಳಿಯ ಮುಂದೆ ಆ ಎರಡರಿಂದ ಸರಾಸರಿ ಬರಬೇಕಿದ್ದ ಒಂದು ಅಂಕ ಹೋಯಿತು. ಅಂದರೆ 7 ಎಲೋ. ತಿಂಗಳುಗಟ್ಟಲೆ ಹುಡುಕಾಟ ತಿದ್ದಿ ಗಳಿಸುವುದು ಕೆಲವೊಮ್ಮೆ ಅಷ್ಟೇ. ಹಾಗಾಗಿ ಪಂದ್ಯ ಮುಗಿದೊಡನೆ ನಾನು ಮೊದಲು ನೋಡುವುದು ಗೆಲುವು ಸೋಲುಗಳನ್ನಲ್ಲ, ಲಾಗ್‌ನಲ್ಲಿ ಸಮಯ ಮೀರಿದ ಆಟಗಳಿವೆಯೇ, ಎಂಜಿನ್ ಎಲ್ಲಾದರೂ ಕ್ರ್ಯಾಶ್ ಆಯಿತೇ ಎನ್ನುವುದನ್ನು. ಇಂಥ ದೋಷ ಇಟ್ಟುಕೊಂಡೇ ಆವೃತ್ತಿ ಬಿಡುಗಡೆ ಮಾಡಿ, ಅದು ಸಿಸಿಆರ್‌ಎಲ್‌ನಂಥ ರೇಟಿಂಗ್ ಪಟ್ಟಿಯವರ ಕೈ ಸೇರಿದರೆ, ಆ ಆವೃತ್ತಿಯ ಹೆಸರಿನ ಮುಂದೆ ಆ ಅಂಕಿಯೇ ಉಳಿಯುತ್ತದೆ.

ದೊಡ್ಡವರನ್ನೂ ಬಗ್ ಬಿಟ್ಟಿಲ್ಲ. 1997ರ ಮೇ 3ರಂದು ನ್ಯೂಯಾರ್ಕ್‌ನಲ್ಲಿ ಆಗಿನ ವಿಶ್ವ ಚಾಂಪಿಯನ್ ಕಾಸ್ಪರೋವ್ ವಿರುದ್ಧದ ಮೊದಲ ಆಟದ 44ನೇ ನಡೆಯಲ್ಲಿ ಐಬಿಎಂನ ಚೆಸ್ ಯಂತ್ರ ಡೀಪ್ ಬ್ಲೂ ತನ್ನ ಆನೆಯನ್ನು ಡಿ1ಕ್ಕೆ ಇಟ್ಟಿತು. ಅದು ಬಗ್‌ನಿಂದಾಗಿ ಯಾದೃಚ್ಛಿಕವಾಗಿ ಆಯ್ದ ನಡೆ ಎಂದು ಅದನ್ನು ಕಟ್ಟಿದವರಲ್ಲೊಬ್ಬರಾದ ಮರ್ರೆ ಕ್ಯಾಂಪ್‌ಬೆಲ್ ಮುಂದೆ ಹೇಳಿದರು. ಆ ಆಟ ಸೋತ ಯಂತ್ರ ಪಂದ್ಯವನ್ನು ಮೂರೂವರೆ–ಎರಡೂವರೆಯಿಂದ ಗೆದ್ದಿತು. ಆರು ಆಟಗಳ ಅಂಕ ನೋಡಿ ಆ ಬಗ್ ಇತ್ತೆಂದು ಯಾರೂ ಊಹಿಸಲಾರರು.

ನನಗೆ ಅತಿ ಹೆಚ್ಚು ಕಲಿಸಿದ್ದು ಸರಿಪಡಿಸಿದ ಮೇಲೆ ರೇಟಿಂಗ್ ಇಳಿದ ಪ್ರಸಂಗ. ಹಿಂದೆ ಯಾವ ನಡೆ ಫಲ ಕೊಟ್ಟಿತು ಎಂದು ನೆನಪಿಡುವ ಹಿಸ್ಟರಿ ಟೇಬಲ್‌ನಲ್ಲಿ, ಫಲ ಕೊಡದ ನಡೆಗಳಿಗೆ ಹಾಕಬೇಕಾದ ದಂಡ ಕೆಲವು ಸಂದರ್ಭಗಳಲ್ಲಿ ಬೀಳುತ್ತಲೇ ಇರಲಿಲ್ಲ. ತಿದ್ದಿದೆ. ಪರೀಕ್ಷೆಗೆ ಹಾಕಿದರೆ ನಿಧಾನವಾಗಿ ಸೋಲಿನ ಕಡೆಗೇ ವಾಲಿತು. ನಾನು ಬಳಸುವುದು ಎಸ್‌ಪಿಆರ್‌ಟಿ, ಅಂದರೆ ಸಾಕಷ್ಟು ಪುರಾವೆ ಸಿಕ್ಕೊಡನೆ ಪಂದ್ಯ ನಿಲ್ಲಿಸುವ ಸಂಖ್ಯಾಶಾಸ್ತ್ರದ ಪರೀಕ್ಷೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಏಬ್ರಹಾಂ ವಾಲ್ಡ್ ರೂಪಿಸಿದ ಕ್ರಮ ಇದು, 2013ರಲ್ಲಿ ಗ್ಯಾರಿ ಲಿನ್ಸ್‌ಕಾಟ್ ಶುರು ಮಾಡಿದ ಸ್ಟಾಕ್‌ಫಿಶ್ ಎಂಜಿನ್‌ನ ಪರೀಕ್ಷಾ ವ್ಯವಸ್ಥೆ ಫಿಶ್‌ಟೆಸ್ಟ್ ಕೂಡ ಇದನ್ನೇ ನೆಚ್ಚಿಕೊಂಡಿದೆ. ಶೇ. 5ರ ತಪ್ಪಿಗೆ ಒಪ್ಪಿದರೆ ಲೆಕ್ಕ 2.94 ದಾಟಿದಾಗ ಪಾಸು, ಕೆಳಗೆ ಅಷ್ಟೇ ಇಳಿದರೆ ಫೇಲು, ನಡುವೆ ಇರುವವರೆಗೂ ಆಟ ಮುಂದುವರಿಯುತ್ತದೆ. ಸರಿಯಾದ ಕೋಡ್ ಫೇಲಾಯಿತು!

ಯೋಚಿಸಿದರೆ ಕಾರಣ ಸರಳ. ತಡವಾಗಿ ಬರುವ ನಡೆಗಳನ್ನು ಎಷ್ಟು ಕಡಿಮೆ ಆಳಕ್ಕೆ ನೋಡಬೇಕು ಎಂಬ ಅಂಕಿಗಳನ್ನೆಲ್ಲ ನಾನು ಹೊಂದಿಸಿದ್ದು ಆ ಬಗ್ ಇದ್ದಾಗ. ವಾಲಿದ ಗೋಡೆಗೆ ತಕ್ಕಂತೆ ಕಡೆದ ಬಾಗಿಲಿನ ಹಾಗೆ ಅವು ತಪ್ಪಿಗೆ ಹೊಂದಿಕೊಂಡಿದ್ದವು. ಹಲವರು ಇಂಥಲ್ಲಿ ‘ಎಲೋ ಕೊಡುವ ಬಗ್’ ಎಂದು ಹಳೆಯದನ್ನೇ ಉಳಿಸಿಕೊಳ್ಳುತ್ತಾರೆ. ನಾನು ಒಪ್ಪುವುದಿಲ್ಲ. ಕೋಡ್ ಮಾಡುವುದೊಂದು, ನಾವು ತಿಳಿದಿರುವುದೊಂದು ಆದಾಗ ಮುಂದಿನ ಯಾವ ಪ್ರಯೋಗದ ಫಲಿತಾಂಶವನ್ನೂ ಅರ್ಥ ಮಾಡಿಕೊಳ್ಳಲಾಗದು. ತಿದ್ದಿದ್ದನ್ನು ಇಟ್ಟುಕೊಂಡೇ ಆ ಅಂಕಿಗಳನ್ನು ಹೊಸದಾಗಿ ಹೊಂದಿಸಿದೆ, ಎರಡನ್ನೂ ಸೇರಿಸಿ ಪರೀಕ್ಷಿಸಿದಾಗ ಪಾಸಾಯಿತು.

ಈಗ ಹಲವು ಥ್ರೆಡ್‌ಗಳಲ್ಲಿ (ಏಕಕಾಲಕ್ಕೆ ಓಡುವ ಎಳೆಗಳಲ್ಲಿ) ಹುಡುಕಿಸುವ ಕೆಲಸ ನಡೆದಿದೆ. ಒಂದೇ ಥ್ರೆಡ್ ಇದ್ದಾಗ ನಿಗದಿತ ಪೊಸಿಷನ್‌ಗಳನ್ನು ನಿಗದಿತ ಆಳಕ್ಕೆ ಓಡಿಸಿ ಒಟ್ಟು ನೋಡ್‌ಗಳ (ಎಂಜಿನ್ ಹೊಕ್ಕ ಪೊಸಿಷನ್‌ಗಳ) ಸಂಖ್ಯೆ ನೋಡುತ್ತಿದ್ದೆ, ವೇಗಕ್ಕಾಗಿ ಮಾತ್ರ ಮಾಡಿದ ಬದಲಾವಣೆಯಿಂದ ಅದು ಒಂದಂಕಿಯೂ ಕದಲಬಾರದು. ಥ್ರೆಡ್‌ಗಳು ಹೆಚ್ಚಾದರೆ ಆ ಸಂಖ್ಯೆ ಪ್ರತಿ ಸಲವೂ ಬೇರೆ, ಆ ಆಧಾರ ಕೈಬಿಡುತ್ತದೆ. ಒಂದು ಥ್ರೆಡ್ ಟೇಬಲ್‌ಗೆ ಬರೆಯುತ್ತಿರುವಾಗಲೇ ಇನ್ನೊಂದು ಓದಿ ಅರ್ಧಂಬರ್ಧ ಮಾಹಿತಿ ಪಡೆಯುವ ಅಪಾಯಕ್ಕೆ 2002ರಲ್ಲಿ ಹಯಾಟ್ ಮತ್ತು ಮ್ಯಾನ್ ಪ್ರಕಟಿಸಿದ ಉಪಾಯ ಬಳಸಿದ್ದೇನೆ. ಪೊಸಿಷನ್ ಗುರುತಿಸುವ ಕೀಲಿಯನ್ನು ಮಾಹಿತಿಯೊಂದಿಗೆ ಎಕ್ಸಾರ್ (ಎರಡು ಸಂಖ್ಯೆಗಳನ್ನು ಬಿಟ್ ಬಿಟ್ಟಾಗಿ ಬೆಸೆಯುವ ಲೆಕ್ಕ) ಮಾಡಿ ಇಡುವುದು, ಓದುವಾಗ ಮತ್ತೆ ಎಕ್ಸಾರ್ ಮಾಡಿ ಕೀಲಿ ಕೂಡದಿದ್ದರೆ ಬಿಟ್ಟುಬಿಡುವುದು. ಟೇಬಲ್‌ನಿಂದ ಬಂದ ನಡೆ ಆ ಪೊಸಿಷನ್‌ನಲ್ಲಿ ಆಡಲು ಬರುತ್ತದೆಯೇ ಎಂದೂ ಆಡುವ ಮುನ್ನ ಪರೀಕ್ಷಿಸುತ್ತೇನೆ. ಇದಕ್ಕೆ ವೇಗ ಕೊಂಚ ತಗ್ಗುತ್ತದೆ, ತಗ್ಗಲಿ ಎಂದು ಬಿಟ್ಟಿದ್ದೇನೆ.