ಬಿಎಫ್‌ಸಿ (ನಮ್ಮ ಬೆಂಗಳೂರು ಎಫ್‌ಸಿ ಫುಟ್‌ಬಾಲ್ ತಂಡ) ಸೋತ ರಾತ್ರಿ ಏನು ಮಾಡಬೇಕು?

2018ರ ಮಾರ್ಚ್ 17ರಂದು ನಾನು ಕಂಠೀರವದಲ್ಲಿದ್ದೆ. ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್, ನಮ್ಮದೇ ಮೈದಾನ, ಒಂಬತ್ತನೇ ನಿಮಿಷಕ್ಕೇ ನಮ್ಮ ಕ್ಯಾಪ್ಟನ್ ಸುನಿಲ್ ಛೆಟ್ರಿ ಗೋಲು, ಇನ್ನೇನು ಕಪ್ ನಮ್ಮದೇ ಅಂದುಕೊಳ್ಳುವಷ್ಟರಲ್ಲಿ ಚೆನ್ನೈಯಿನ್ ತಂಡದವರು ಕಾರ್ನರ್‌ಗಳಿಂದಲೇ ಎರಡು ಹೆಡರ್ ಹೊಡೆದು, ಕೊನೆಗೆ 3-2ಕ್ಕೆ ಗೆದ್ದುಬಿಟ್ಟರು. ಮೂರು ದಿನ ಊಟ ಸೇರಲಿಲ್ಲ. "ಬರೀ ಆಟ ತಾನೇ" ಅಂದವರ ಮೇಲೆಲ್ಲ ರೇಗಾಡಿದೆ. 2023ರ ಫೈನಲ್ ಗೋವಾದಲ್ಲಿ ಪೆನಾಲ್ಟಿಯಲ್ಲಿ ಸೋತೆವು, 2025ರದ್ದು ಕೋಲ್ಕತ್ತಾದಲ್ಲಿ ಎಕ್ಸ್‌ಟ್ರಾ ಟೈಮ್‌ನಲ್ಲಿ, ಅಷ್ಟೊತ್ತಿಗೆ ಸ್ವಲ್ಪ ಪಳಗಿದ್ದೆ.

ನನಗೆ ಕೆಲಸ ಮಾಡಿದ್ದು ಹೇಳ್ತೀನಿ. ವಿಸಿಲ್ ಆದ ತಕ್ಷಣ ಫೋನ್ ಜೇಬಿಗೆ ಹಾಕಿ, ಬೆಳಗಿನವರೆಗೆ ವಾಟ್ಸಾಪ್ ಗ್ರೂಪ್ ತೆರೆಯಬೇಡಿ. ಆ ಸಿಟ್ಟಲ್ಲಿ ಆಟಗಾರನ ಇನ್‌ಸ್ಟಾಗ್ರಾಂನಲ್ಲಿ ಏನಾದರೂ ಬರೆದರೆ ಮಾರನೇ ದಿನ ನಿಮಗೇ ನಾಚಿಕೆ. ತಕ್ಷಣ ಗಾಡಿ ಹತ್ತಬೇಡಿ, ಜೊತೆಗಿದ್ದವರ ಹತ್ತಿರ ಅರ್ಧ ಗಂಟೆ ಮನಸಾರೆ ಬೈದಾಡಿ, ರೆಫ್ರಿಯನ್ನೂ ಸೇರಿಸಿ, ಆಮೇಲೆ ಬಿಸಿ ಇಡ್ಲಿಯೋ ದೋಸೆಯೋ ತಿಂದು ಮನೆಗೆ ಹೋಗಿ. ಹಸಿದ ಹೊಟ್ಟೆಯಲ್ಲಿ ಸೋಲು ಜಾಸ್ತಿ ಚುಚ್ಚುತ್ತದೆ!

ಮಗು ಜೊತೆಗಿದ್ದು ಅತ್ತರೆ ಅಳಲಿ ಬಿಡಿ, "ಅಳಬೇಡ" ಅಂತ ಗದರಬೇಡಿ, ನಿಮಗೂ ಅಳು ಬಂದಿತ್ತು ಅಲ್ವಾ? ಹೈಲೈಟ್ಸ್ ಎರಡು ದಿನ ಬಿಟ್ಟು ನೋಡಿ. ನಾನಂತೂ ಆ 2018ರದ್ದು ನೋಡಿದ್ದು ಸರಿಯಾಗಿ ಒಂದು ವರ್ಷದ ಮೇಲೆ, 2019ರ ಮಾರ್ಚ್ 17ಕ್ಕೆ ಮುಂಬೈಯಲ್ಲಿ ಎಫ್‌ಸಿ ಗೋವಾ ತಂಡವನ್ನು 1-0ಯಿಂದ ಸೋಲಿಸಿ ಕಪ್ ಎತ್ತಿದ ರಾತ್ರಿ.