ಫಾಲ್ಟ್ ಅನಾಲಿಸಿಸ್ ಕಲಿತದ್ದು ಹೇಗೆ: ಬೆಂಗಳೂರಲ್ಲಿ ಕೂತೇ

ನೆಲದೊಳಗಿನ ಕಲ್ಲು ಮುರಿದು ಎರಡು ಕಡೆ ಜಾರಿರುವ ಜಾಗ ಫಾಲ್ಟ್; ಅದು ಎಣ್ಣೆಯನ್ನು ತಡೆಯುತ್ತದಾ, ಸೋರಿಸುತ್ತದಾ ಅಂತ ನೋಡುವುದು ಫಾಲ್ಟ್ ಅನಾಲಿಸಿಸ್. ಬೆಂಗಳೂರಿನ ಕೆಳಗೆ ಎಣ್ಣೆ ಇಲ್ಲ. ಲಾಲ್‌ಬಾಗ್ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯ ನೈಸ್ (ಬಿಸಿಗೆ, ಒತ್ತಡಕ್ಕೆ ರೂಪ ಬದಲಾದ ಕಲ್ಲು), ಎಣ್ಣೆಗೆ ಬೇಕಾದದ್ದು ಪದರಗಲ್ಲು. ಹಾಗಾಗಿ "ಇಲ್ಲಿದ್ದುಕೊಂಡು ಇದನ್ನೆಲ್ಲ ಕಲಿಯೋಕಾಗುತ್ತಾ?" ಅಂತ ಜಿಯಾಲಜಿ ಓದುವ ಹುಡುಗರು ಕೇಳುತ್ತಾರೆ. ಆಗುತ್ತದೆ. ವೈಟ್‌ಫೀಲ್ಡ್‌ನಲ್ಲಿ ಕೆಲಸಕ್ಕೆ ಸೇರಿದ ಮೇಲೆ ನಾನು ಕಲಿತದ್ದು ಹೀಗೇ, ಸಂಜೆ ಹೊತ್ತು, ಮನೆಯ ಲ್ಯಾಪ್‌ಟಾಪ್‌ನಲ್ಲಿ.

ಡೇಟಾಗೆ ಪರದಾಡಬೇಕಿಲ್ಲ. ನಾರ್ವೆಯ ಈಕ್ವಿನಾರ್ ಕಂಪನಿ ಉತ್ತರ ಸಮುದ್ರದ ವೋಲ್ವ್ ಎಣ್ಣೆ ಫೀಲ್ಡಿನ ಸೈಸ್ಮಿಕ್ (ಶಬ್ದದ ಅಲೆ ಕಳಿಸಿ ತೆಗೆದ ನೆಲದೊಳಗಿನ ಚಿತ್ರ), ಬಾವಿಗಳ ಲಾಗ್ (ಆಳ ಆಳಕ್ಕೆ ಕಲ್ಲಿನ ಗುಣ ಅಳೆದ ದಾಖಲೆ), ಉತ್ಪಾದನೆಯ ಲೆಕ್ಕ ಎಲ್ಲವನ್ನೂ 2018ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿತು. ನೆದರ್‌ಲ್ಯಾಂಡ್ಸ್‌ನ ಎಫ್3 ಬ್ಲಾಕಿನ ಡೇಟಾ ಕೂಡ ಸುಮ್ನೆ ಸಿಗುತ್ತದೆ, ಇದನ್ನೆಲ್ಲ ತೆರೆದು ನೋಡುವ ಓಪನ್‌ಡಿಟೆಕ್ಟ್ ಸಾಫ್ಟ್‌ವೇರ್ ಉಚಿತ. ನಾನು ಹಿಡಿದದ್ದು ವೋಲ್ವ್. ಅಲ್ಲಿ ಕೆಳಗಿನ ಉಪ್ಪಿನ ಪದರ ಸರಿದಾಡಿ ಮೇಲಿನ ಕಲ್ಲೆಲ್ಲ ಮುರಿದಿದೆ, ಪಶ್ಚಿಮದ ಕಡೆಯಂತೂ ಫಾಲ್ಟ್‌ಗಳ ಸಂತೆ.

ದುಡ್ಡು ಕೊಟ್ಟು ಸೇರಿದ ಒಂದು ಕೋರ್ಸಿನಲ್ಲಿ ಯಾವ ಬಟನ್ ಒತ್ತಬೇಕು ಅಂತ ಹೇಳಿಕೊಟ್ಟರು, ಅಷ್ಟೇ. ಪರದೆ ಮೇಲೆ ಗೆರೆ ಎಳೆಯೋದು ಯಾರಿಗೆ ಬರಲ್ಲ ಹೇಳಿ? ಆ ಗೆರೆ ನಿಜವಾ ಅಂತ ಪರೀಕ್ಷೆ ಮಾಡೋದರಲ್ಲೇ ಇರುವುದು ಕಸುಬು, ಅದಕ್ಕೆ ನನಗೆ ಜಾಸ್ತಿ ಕೆಲಸಕ್ಕೆ ಬಂದದ್ದು ಒಂದು ಗ್ರಾಫ್ ಹಾಳೆ.

ಮೊದಲು ಸೈಸ್ಮಿಕ್ ಚಿತ್ರವನ್ನು ಮಟ್ಟಸವಾಗಿ ಕೊಯ್ದ ಹೋಳಾದ ಟೈಮ್ ಸ್ಲೈಸ್‌ನಲ್ಲಿ ಫಾಲ್ಟ್ ಯಾವ ದಿಕ್ಕಿಗೆ ಓಡುತ್ತದೆ ನೋಡಿ, ಅದಕ್ಕೆ ಅಡ್ಡಲಾಗಿಯೇ ಸೆಕ್ಷನ್, ಅಂದರೆ ಮೇಲಿಂದ ಕೆಳಕ್ಕೆ ಕೊಯ್ದ ಹೋಳು, ತೆಗೆಯುತ್ತಿದ್ದೆ. ಓರೆಯಾಗಿ ಕತ್ತರಿಸಿದರೆ ಇಳಿಜಾರು ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಆಮೇಲೆ ಫಾಲ್ಟಿನ ಉದ್ದಕ್ಕೂ ಅಲ್ಲಲ್ಲಿ ಥ್ರೋ, ಅಂದರೆ ಒಂದೇ ಪದರ ಎರಡು ಕಡೆಯಲ್ಲಿ ಎಷ್ಟು ಮೀಟರ್ ಮೇಲೆ ಕೆಳಗೆ ಆಗಿದೆ ಅನ್ನೋದನ್ನ ಅಳೆದು ಹಾಳೆ ಮೇಲೆ ಚುಕ್ಕಿ ಇಡುವುದು. ಒಂಟಿ ಫಾಲ್ಟ್ ಆದರೆ ನಡುವೆ ಜಾಸ್ತಿ, ಎರಡು ತುದಿಗೆ ಹೋಗುತ್ತಾ ಸೊನ್ನೆ. ನಡುವೆ ಎಲ್ಲೋ ಥ್ರೋ ತಟ್ಟನೆ ಕುಸಿದರೆ ಎರಡು ಸಾಧ್ಯತೆ: ಬೇರೆ ಬೇರೆ ಇದ್ದ ಎರಡು ಫಾಲ್ಟ್ ಅಲ್ಲಿ ಕೂಡಿಕೊಂಡಿವೆ, ಇಲ್ಲವೇ ನಾನು ಒಂದು ಕಡೆ ತಪ್ಪು ಪದರ ಹಿಡಿದಿದ್ದೇನೆ. ಮೊದಲನೆಯದಾದರೆ ಎಣ್ಣೆ ನುಸುಳಿ ಹೋಗುವ ದಾರಿ ಅಲ್ಲೇ ಇರಬಹುದು, ಆದ್ದರಿಂದ ಸೆಕ್ಷನ್‌ಗೆ ವಾಪಸ್ ಹೋಗಿ ನೋಡಲೇಬೇಕು.

ಇದಾದ ಮೇಲೆ ಅಲನ್ ಡಯಾಗ್ರಾಂ. ಫಾಲ್ಟಿನ ಮೈ ಮೇಲೆ ಎರಡೂ ಕಡೆಯ ಪದರಗಳನ್ನು ಒಂದರ ಮೇಲೊಂದು ಬರೆದು, ಯಾವುದರ ಎದುರು ಯಾವುದು ಬಂದು ನಿಂತಿದೆ ಅಂತ ನೋಡುವುದು. ಮರಳುಗಲ್ಲಿನ ಎದುರು ಶೇಲ್ (ಜೇಡಿಮಣ್ಣು ಗಟ್ಟಿಯಾದ ಕಲ್ಲು) ಬಂದರೆ ಎಣ್ಣೆ ನಿಲ್ಲುತ್ತದೆ. ಮರಳುಗಲ್ಲಿನ ಎದುರು ಮರಳುಗಲ್ಲೇ ಬಂದರೆ ಸೋರಬಹುದು. ಆದರೆ ಜಾರುವಾಗ ಶೇಲ್ ಅರೆದು ನಡುವೆ ಮೆತ್ತಿಕೊಂಡಿದ್ದರೆ ಅಲ್ಲೂ ನಿಲ್ಲಬಹುದು. ಅದನ್ನು ಅಂದಾಜು ಮಾಡೋದು ಶೇಲ್ ಗೌಜ್ ರೇಶಿಯೋ. ಥ್ರೋ 50 ಮೀಟರ್, ಆ ಜಾಗವನ್ನು ದಾಟಿ ಜಾರಿಹೋದ ಕಲ್ಲಿನಲ್ಲಿ ಒಟ್ಟು ಶೇಲ್ 15 ಮೀಟರ್ ಅಂದರೆ 30%. ಸಾಮಾನ್ಯವಾಗಿ 20%ಗಿಂತ ಕೆಳಗಿದ್ದರೆ ನಂಬಬೇಡಿ ಅನ್ನುತ್ತಾರೆ, ಆದರೆ ಅದು ಫೀಲ್ಡಿನಿಂದ ಫೀಲ್ಡಿಗೆ ಬದಲಾಗುತ್ತದೆ. ಎರಡೂ ಕಡೆಯ ಬಾವಿಗಳ ಪ್ರೆಶರ್ ಜೊತೆ ಹೋಲಿಸದ ಹೊರತು ಆ ಸಂಖ್ಯೆಗೆ ಬೆಲೆ ಕಮ್ಮಿ. ಇನ್ನೊಂದು ವಿಷಯ: ಲಕ್ಷಾಂತರ ವರ್ಷದಲ್ಲಿ ನಿಧಾನಕ್ಕೆ ಸೋರುವ ಫಾಲ್ಟ್, 10 ವರ್ಷ ಎಣ್ಣೆ ತೆಗೆಯುವ ಲೆಕ್ಕದಲ್ಲಿ ಗಟ್ಟಿ ಗೋಡೆಯೇ ಆಗಿರಬಹುದು.

ಶೇಲ್ ಎಷ್ಟಿದೆ ಅನ್ನೋದು ಬರುವುದು ಹೆಚ್ಚಾಗಿ ಕಲ್ಲಿನ ಸಹಜ ವಿಕಿರಣ ಅಳೆಯುವ ಗಾಮಾ ಲಾಗ್‌ನಿಂದ. ಮೈಕಾ ಜಾಸ್ತಿ ಇರುವ ಮರಳುಗಲ್ಲು ಅದರಲ್ಲಿ ಶೇಲ್ ಥರವೇ ಕಾಣುತ್ತದೆ, ಅದಕ್ಕೆ ಡೆನ್ಸಿಟಿ, ನ್ಯೂಟ್ರಾನ್ ಲಾಗ್ ಜೊತೆಗಿಟ್ಟು ನೋಡಿ.

ಕಲ್ಲು ಮುಟ್ಟದೆ ಇದೆಲ್ಲ ತಲೆಗೆ ಹತ್ತಲ್ಲ. ಬಾಗಲಕೋಟೆ ಕಡೆ ಕಲಾದಗಿ ಪದರಗಲ್ಲುಗಳನ್ನು ನೋಡಿ ಬಂದೆ. ಅಂಗೈ ಅಗಲದಷ್ಟು ಜಾರಿದ ಬಿರುಕುಗಳೂ ಅಲ್ಲಿ ಕಾಣುತ್ತವೆ. ಅಂಥವು ಸೈಸ್ಮಿಕ್‌ನಲ್ಲಿ ಕಾಣುವ ಮಾತೇ ಇಲ್ಲ, ಎರಡು ಮೂರು ಕಿಲೋಮೀಟರ್ ಆಳದಲ್ಲಿ ಹತ್ತು ಮೀಟರ್ ಥ್ರೋ ಕೂಡ ಎಷ್ಟೋ ಸಲ ತಪ್ಪಿಸಿಕೊಳ್ಳುತ್ತದೆ.

ಈಗ ಆಫೀಸಲ್ಲಿ ಸಾಫ್ಟ್‌ವೇರ್ ಒಂದು ಕ್ಲಿಕ್ಕಿಗೆ ಫಾಲ್ಟ್ ಎಲ್ಲಿ ಎಣ್ಣೆ ತಡೆಯುತ್ತದೆ ಅಂತ ತೋರಿಸುವ ಬಣ್ಣ ಬಣ್ಣದ ಫಾಲ್ಟ್ ಸೀಲ್ ಮ್ಯಾಪ್ ಕೊಡುತ್ತದೆ. ನಾನು ಒಂದನ್ನೇ ಕಳಿಸುವುದಿಲ್ಲ. ಶೇಲ್ ಕಡಿಮೆ ಹಿಡಿದರೆ ಹೀಗೆ, ಮಧ್ಯಮ ಹಿಡಿದರೆ ಹೀಗೆ, ಜಾಸ್ತಿ ಹಿಡಿದರೆ ಹೀಗೆ ಅಂತ ಮೂರು ಕಳಿಸುತ್ತೇನೆ. ಮ್ಯಾನೇಜರ್‌ಗಳಿಗೆ ಇದು ಇಷ್ಟ ಆಗಲ್ಲ, ಡ್ರಿಲಿಂಗ್ ಎಂಜಿನಿಯರ್‌ಗಳಿಗೆ ಆಗುತ್ತದೆ.