ಹಳೆಯ ಲ್ಯಾಪ್‌ಟಾಪ್ ಕೊಡುವ ಮುನ್ನ ಕನ್ನಡ ಕಡತಗಳನ್ನು ಉಳಿಸಿಕೊಳ್ಳುವುದು ಹೇಗೆ?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದದ್ದರಿಂದ, ವಿಂಡೋಸ್ 11ಕ್ಕೆ ಒಗ್ಗದ ಲ್ಯಾಪ್‌ಟಾಪ್ ಇರುವ ಅನೇಕರು ಹೊಸದನ್ನು ತರುತ್ತಿದ್ದಾರೆ. ನನ್ನ ಪರಿಚಯದ ನಿವೃತ್ತ ಶಿಕ್ಷಕರೊಬ್ಬರು ಹಳೆಯದನ್ನು ಎಕ್ಸ್‌ಚೇಂಜಿಗೆ ಕೊಟ್ಟು ಬಂದ ಸಂಜೆ ಹೊಸದರಲ್ಲಿ ತಮ್ಮ ಆತ್ಮಕಥನದ ಕಡತ ತೆರೆದರೆ, ನೆತ್ತಿಯ ಮೇಲೆ ಚುಕ್ಕಿ, ಗೆರೆ ಹೊತ್ತ ರೋಮನ್ ಅಕ್ಷರಗಳೇ ಪರದೆ ತುಂಬಿದ್ದವು. ಕನ್ನಡ ಟೈಪ್ ಮಾಡುವ ನುಡಿ, ಬರಹ ತಂತ್ರಾಂಶಗಳ ಹಳೆಯ ಆಸ್ಕಿ ವಿಧಾನದಲ್ಲಿ ಕಡತದೊಳಗಿರುವುದು ರೋಮನ್ ಸಂಕೇತಗಳೇ. ಅವುಗಳಿಗೆ ಕನ್ನಡದ ರೂಪ ಕೊಡುವ ಫಾಂಟ್ ಹೊಸ ಯಂತ್ರದಲ್ಲಿರಲಿಲ್ಲ.

ಮೊದಲು ಎಲ್ಲವನ್ನೂ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕಿಗೆ ನಕಲಿಸಿ. ಕೆಲವೇ ನೂರು ರೂಪಾಯಿಗೆ 2 ಟಿಬಿ ಎಂದು ಮಾರುವ ಪೆನ್‌ಡ್ರೈವ್‌ಗಳನ್ನು ಕೊಳ್ಳಲೇಬೇಡಿ. ಅವುಗಳಲ್ಲಿ ನಿಜಕ್ಕೂ ಅಷ್ಟು ಜಾಗ ಇರುವುದಿಲ್ಲ, ಹಾಗಾಗಿ ಕಡತದ ಹೆಸರು ಕಾಣುತ್ತದೆ, ಕಡತ ತೆರೆಯುವುದಿಲ್ಲ.

ಬಳಿಕ ಹಳೆಯ ಯಂತ್ರದಲ್ಲಿಯೇ ಪ್ರತಿ ಕಡತದಿಂದ ಒಂದು ಸಾಲನ್ನು ನೋಟ್‌ಪ್ಯಾಡಿಗೆ ಅಂಟಿಸಿ ನೋಡಿ. ಕನ್ನಡವಾಗಿಯೇ ಉಳಿದರೆ ಅದು ಯೂನಿಕೋಡ್, ಎಂದರೆ ಕನ್ನಡ ಅಕ್ಷರಗಳಿಗೆ ಅವುಗಳದೇ ಸಂಕೇತವಿರುವ ವಿಧಾನ. ರೋಮನ್ ಆದರೆ ಆಸ್ಕಿ, ಅದನ್ನು ಯೂನಿಕೋಡ್‌ಗೆ ಪರಿವರ್ತಿಸಬೇಕು. ಹೊಸದರಲ್ಲಿ ಹಳೆಯ ಫಾಂಟ್ ಹಾಕಿಕೊಂಡರೆ ಸಾಕೆನ್ನುವವರಿದ್ದಾರೆ. ಹಾಗೆ ಮಾಡಿದರೆ ಓದಲು ಬರುತ್ತದೆ, ಆದರೆ ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಹುಡುಕಿದರೆ ಒಂದು ಪದವೂ ಸಿಗದು, ಆ ಫಾಂಟ್ ಇಲ್ಲದವರಿಗೆ ಕಳಿಸಿದರೆ ಅವರಿಗೂ ಅದೇ ಗೋಜಲು. ಆಸ್ಕಿಯನ್ನು ಯೂನಿಕೋಡ್ ಮಾಡುವ ಪರಿವರ್ತಕ ತಂತ್ರಾಂಶಕ್ಕೆ ಇಡೀ ಕಡತವನ್ನು ಒಮ್ಮೆಗೇ ಕೊಡಬೇಡಿ. ನಡುವೆ ಇರುವ ಇಂಗ್ಲಿಷ್ ಪದಗಳೂ ಅರ್ಥವಿಲ್ಲದ ಕನ್ನಡವಾಗಿಬಿಡುವ ಅಪಾಯವಿದೆ. ಅಧ್ಯಾಯ ಅಧ್ಯಾಯವಾಗಿ ಪರಿವರ್ತಿಸಿ, ಹಳೆಯ ಪುಟವನ್ನು ಪಕ್ಕದಲ್ಲಿಟ್ಟುಕೊಂಡು ಓದಿ. ಸೂರ್ಯ, ವರ್ಷ, ಕಾರ್ಯದಂತಹ ಪದಗಳನ್ನು ವಿಶೇಷವಾಗಿ ಗಮನಿಸಿ: ಆಸ್ಕಿಯಲ್ಲಿ ಅರ್ಕಾವತ್ತಿನ ಸಂಕೇತ ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ಮೊದಲು, ಹೀಗಾಗಿ ಸ್ಥಾನ ತಪ್ಪುವ ಸಂಭವ ಅಲ್ಲಿಯೇ ಹೆಚ್ಚು. ಪರಿವರ್ತಿಸಿದ್ದನ್ನು ಬೇರೆ ಹೆಸರಿನಲ್ಲಿ ಉಳಿಸಿ, ಮೂಲವನ್ನು ಅಳಿಸಬೇಡಿ. ಮೂಲದ ಒಂದು ಪಿಡಿಎಫ್ ಪ್ರತಿಯನ್ನೂ ಮಾಡಿಡಿ; ಅದರೊಳಗೆ ಫಾಂಟ್ ಅಡಕವಾಗಿದ್ದರೆ ಎಲ್ಲಿ ತೆರೆದರೂ ಕನ್ನಡ ಕಾಣುತ್ತದೆ.

ಫೋಟೊ, ಪಾಸ್‌ವರ್ಡ್, ಬುಕ್‌ಮಾರ್ಕ್‌ಗಳನ್ನು ಸಾಗಿಸುವುದು ಒಂದು ಗಂಟೆಯ ಕೆಲಸ.

ಎಲ್ಲವೂ ಹೊಸದರಲ್ಲಿ ತೆರೆಯುತ್ತಿದ್ದರೂ ಹಳೆಯದನ್ನು ಒಂದು ತಿಂಗಳು ಮನೆಯಲ್ಲೇ ಇಟ್ಟುಕೊಳ್ಳಿ, ಎಕ್ಸ್‌ಚೇಂಜಿನ ಹಣ ತುಸು ಕಡಿಮೆಯಾದರೂ ಸರಿ. ಕೊಡುವ ದಿನ ಸೆಟ್ಟಿಂಗ್ಸ್‌ನಲ್ಲಿ ‘ರೀಸೆಟ್ ದಿಸ್ ಪಿಸಿ’ಗೆ ಹೋಗಿ, ‘ರಿಮೂವ್ ಎವೆರಿಥಿಂಗ್’ ಜೊತೆಗೆ ‘ಕ್ಲೀನ್ ಡೇಟಾ’ ಆಯ್ಕೆಯನ್ನೂ ಹಾಕಿ. ಬ್ಯಾಟರಿ ಉಬ್ಬಿದ್ದರೆ ಚಾರ್ಜಿಗೆ ಹಾಕದೆ, ಅಧಿಕೃತ ಇ-ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ಒಪ್ಪಿಸಿ.